ಟಾರ್ ಇಲ್ಲದ ರಸ್ತೆ ಹುಡುಕಿಕೊಂಡು

ಜಲ್ಲಿ, ಮಣ್ಣು ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ನೋಡೋಕೆ ರೇಸ್ ಸೈಕಲ್ಲೇ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಗ್ಗಿರುತ್ತದೆ, ಆದರೆ ಟೈರ್ ದಪ್ಪ. ರೇಸ್ ಸೈಕಲ್ಲಿನದು 25, 28 ಮಿ.ಮೀ. ಇದ್ದರೆ ಇದರದ್ದು 40, 45. ಗಾಳಿಯೂ ಕಮ್ಮಿ ಸಾಕು, 35 ಪಿಎಸ್‌ಐ ಹತ್ತಿರ ಹಾಕಿಕೊಂಡರೆ ಕಲ್ಲು ಸಿಕ್ಕಾಗ ಟೈರೇ ಸ್ವಲ್ಪ ಕುಗ್ಗಿ ನಮ್ಮ ಹಲ್ಲು ಉಳಿಸುತ್ತದೆ. ಬೆಲೆ ಮಾತ್ರ ಕೇಳಬೇಡಿ. ಮನೆಯಲ್ಲಿ ಹೇಳಿರುವುದು ಬೇರೆ.

ಇದಕ್ಕೆ ಬೇಕಾಗಿರುವುದು ಗಾಡಿ ಓಡಾಡದ, ಟಾರ್ ಕಾಣದ, ಏರು ಇಳಿವಿನ ಕಾಡುದಾರಿ. ಸಕಲೇಶಪುರ ತಾಲ್ಲೂಕಿನಲ್ಲಿ ಅದಕ್ಕೇನೂ ಬರವಿಲ್ಲ. ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿಗೆ ಹೊರಟ ಲಾರಿ, ಟ್ಯಾಂಕರುಗಳ ಮಧ್ಯೆ ಸೈಕಲ್ ಇಳಿಸೋಕೂ ಭಯವಾಗುತ್ತದೆ. ಅದೇ ಹೆತ್ತೂರು, ವಣಗೂರು ಕಡೆಯ ಕಾಫಿ ತೋಟಗಳ ನಡುವಿನ ಮಣ್ಣು ದಾರಿಗೆ ಬಂದರೆ ಗಂಟೆಗೊಂದು ಜೀಪ್ ಸಿಕ್ಕರೆ ಹೆಚ್ಚು. ಬಿಸಿಲೆಯ ಮೀಸಲು ಅರಣ್ಯದ ಒಳಗೆ ಅನುಮತಿ ಇಲ್ಲದೆ ನುಗ್ಗುವ ಹಾಗಿಲ್ಲ, ಹಾಗಾಗಿ ಊರಿಂದ ಊರಿಗೆ ಹೋಗುವ ದಾರಿಗಳೇ ನಮಗೆ ಗತಿ.

ಟ್ರಾಫಿಕ್ ಇಲ್ಲ ಅಂದರೆ ಗಾಡಿಗಳ ಟ್ರಾಫಿಕ್ ಇಲ್ಲ, ಅಷ್ಟೇ. ತೋಟದ ನಾಯಿಗಳಿಗೆ ಜೀಪು, ಬೈಕು ಎಲ್ಲ ಅಭ್ಯಾಸ ಇದೆ. ಸದ್ದೇ ಮಾಡದೆ ಹೆಲ್ಮೆಟ್ ಹಾಕಿಕೊಂಡು ಬರುವ ಮನುಷ್ಯ ಅಭ್ಯಾಸ ಇಲ್ಲ. ಇಳಿಜಾರಿನಲ್ಲಾದರೆ ಹೇಗೋ ತಪ್ಪಿಸಿಕೊಳ್ಳಬಹುದು, ಆದರೆ ಅವು ಬರುವುದು ಯಾವಾಗಲೂ ಏರಿನಲ್ಲೇ. ಸೈಕಲ್ಲನ್ನು ಅಡ್ಡ ಹಿಡಿದು ನಿಂತರೆ ಒಳಗಿಂದ ಯಾರೋ "ಏನೂ ಮಾಡಲ್ಲ, ಬನ್ನಿ" ಅಂತ ಕೂಗುತ್ತಾರೆ. ನಾಯಿಗೂ ಒಂದು ಮಾತು ಹೇಳಿದರೆ ಚೆನ್ನಾಗಿರುತ್ತದೆ ಅಲ್ವಾ?

ಹೀಗೆ ಒಂದು ಗೇಟಿನ ಹತ್ತಿರ ತೋಟದ ಲೆಕ್ಕ ನೋಡಿಕೊಳ್ಳುವ ರೈಟ್ರು ಸಿಕ್ಕರು.

"ದಾರಿ ತಪ್ಪಿತಾ ಸಾರ್? ಟಾರ್ ರೋಡು ಆ ಕಡೆ ಇದೆ."

"ಇಲ್ಲ, ನಮಗೆ ಈ ರೋಡೇ ಬೇಕು."

ಅವರು ನನ್ನನ್ನು ನೋಡಿದರು, ಸೈಕಲ್ ನೋಡಿದರು, ಆಮೇಲೆ ತಮ್ಮ ರಸ್ತೆಯನ್ನೇ ಒಂದು ಸಲ ನೋಡಿದರು. ಈ ರಸ್ತೆಗೆ ಟಾರ್ ಹಾಕಿಸಿ ಅಂತ ಪ್ರತಿ ಎಲೆಕ್ಷನ್ನಿಗೂ ಅರ್ಜಿ ಕೊಡುತ್ತಿದ್ದಾರಂತೆ. ಮಳೆಗಾಲದಲ್ಲಿ ಫೋರ್‌ವೀಲ್ ಜೀಪ್ ಬಿಟ್ಟರೆ ಬೇರೇನೂ ಹತ್ತುವುದಿಲ್ಲ, ಹುಷಾರಿಲ್ಲದವರನ್ನೂ ಅದರಲ್ಲೇ ಕುಲುಕಿಸಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಅವರ ಮುಂದೆ "ಇಂಥ ದಾರಿಯ ಮಜಾನೇ ಬೇರೆ" ಅನ್ನುವುದು ಸರಿಯಲ್ಲ ಅಂತ ನಾನು ಸುಮ್ನಿದ್ದೆ. ಜೊತೆಗಿದ್ದ ಗೆಳೆಯ ಸುಮ್ನಿರಲಿಲ್ಲ. ಅಮೆರಿಕದ ಕನ್ಸಾಸ್‌ನಲ್ಲಿ 2006ರಿಂದ ಜಲ್ಲಿ ರಸ್ತೆಯಲ್ಲೇ ದೊಡ್ಡ ರೇಸ್ ನಡೆಯುತ್ತಿದೆ, 200 ಮೈಲಿ, ಜನ ದುಡ್ಡು ಕಟ್ಟಿ ಓಡಿಸುತ್ತಾರೆ ಅಂತೆಲ್ಲ ಹೇಳಿದ. ರೈಟ್ರು ಪೂರ್ತಿ ಕೇಳಿಸಿಕೊಂಡು, "ಪಾಪ, ಅಲ್ಲೂ ಟಾರ್ ಹಾಕಿಲ್ವಾ?" ಅಂದರು.

ಆ ಜಲ್ಲಿಯೇ ಮುಂದೆ ಕೈಕೊಟ್ಟಿತು. ನಮ್ಮ ಟೈರಿನಲ್ಲಿ ಟ್ಯೂಬ್ ಇರುವುದಿಲ್ಲ. ಒಳಗೆ ಸ್ವಲ್ಪ ಬಿಳಿ ದ್ರವ ಹಾಕಿರುತ್ತಾರೆ, ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದೆ. ಚೂಪು ಜಲ್ಲಿ ಕುಯ್ದರೆ ಅದರ ಕೈಲೂ ಆಗುವುದಿಲ್ಲ. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದಾಗ ಟೈರಿನಿಂದ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು. "ಸಾರ್, ಇದು ಹಾಲು ಕೊಡುತ್ತಲ್ಲ!" ಅಂತ ಅಂಗಡಿಯವನು ಪಕ್ಕದ ಹೋಟೆಲಿನವರನ್ನೂ ಕರೆದ. ಬೈಕಿನ ಟೈರಿಗೆ ಹಾಕುವ ಅಂಟು ಹುರಿ ಇರುತ್ತದಲ್ಲ, ಅದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಅರ್ಧ ಎಳೆಯನ್ನು ಸೂಜಿಗೆ ಪೋಣಿಸಿ, ಒಂದೇ ಸಲಕ್ಕೆ ಒಳಗೆ ತುರುಕಿ, ಹೊರಗೆ ಉಳಿದಿದ್ದನ್ನು ಕತ್ತರಿಸಿ, ಎಂಜಲು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದ. ಬರಲಿಲ್ಲ. ಸೊಗಸಾದ ಕೆಲಸ. ಗಾಳಿ ಹಾಕಲು ಹೋದರೆ ನಮ್ಮ ಸಪೂರ ವಾಲ್ವಿಗೆ ಅವನ ಕಂಪ್ರೆಸರ್ ಕೂರುವುದಿಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಬೇಕು, ಅದು ಯಾವಾಗಲೂ ಮನೆಯಲ್ಲಿರುವ ಚೀಲದಲ್ಲೇ ಇರುತ್ತದೆ. ಅಷ್ಟು ದೊಡ್ಡ ಕಂಪ್ರೆಸರ್ ಪಕ್ಕದಲ್ಲೇ ಕೂತು ಗೇಣುದ್ದದ ಕೈ ಪಂಪಿನಲ್ಲಿ ಗಾಳಿ ಹೊಡೆದೆವು. ಹೋಟೆಲಿನವರು ಎಣಿಸಿದರು.

ಇಂಬಳದ, ಅಂದರೆ ಜಿಗಣೆಯ ವಿಷಯಕ್ಕೆ ಬರೋಣ. ಸೈಕಲ್ ಓಡುತ್ತಿರುವಷ್ಟು ಹೊತ್ತು ಅವು ಹತ್ತುವುದು ಕಮ್ಮಿ. ಅಕ್ಟೋಬರ್‌ನಲ್ಲಿ ಸೈಕಲ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದೇ ಪ್ರಶ್ನೆ. ಟೈರಿಗೂ ಫೋರ್ಕಿಗೂ ನಡುವೆ ಅಂಟು ಮಣ್ಣು ತುಂಬಿ ಚಕ್ರ ನಿಂತೇ ಹೋಗುತ್ತದೆ. ಕಡ್ಡಿ ಹುಡುಕಿ ಕೆರೆಯುತ್ತಾ ನಿಂತಿರುವಾಗ, ತರಗೆಲೆಗಳ ಮೇಲೆ ನೆಟ್ಟಗೆ ಎದ್ದ ಇಂಬಳಗಳು ಮೂತಿ ಆಡಿಸಿಕೊಂಡು ನಮ್ಮ ಕಡೆ ಹೊರಟಿರುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಅದರ ಜೊಲ್ಲಿಗಿದೆ, ಹಾಗಾಗಿ ಅದು ಹೊಟ್ಟೆ ತುಂಬಿ ಉದುರಿದ ಮೇಲೂ ಕಾಲ್ಚೀಲ ಕೆಂಪಾಗುತ್ತಲೇ ಇರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿಯೊಬ್ಬರು ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ, ಹೊಗೆಸೊಪ್ಪು ತೆಗೆದು "ತಿಕ್ಕಿಕೊಳ್ಳಿ" ಅಂತ ಕೊಟ್ಟರು. ಆಮೇಲೆ ನನ್ನ ಸೈಕ್ಲಿಂಗ್ ಚಡ್ಡಿಯನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲಪ್ಪಾ, ಇಂಬಳ ಇರೋ ಕಡೆ ಬರುವಾಗ ಪೂರ್ತಿ ಪ್ಯಾಂಟು ಹಾಕ್ಕೊಂಡು ಬರಬಾರದಾ?" ಅಂದರು. ಇದು ಪೂರ್ತಿ ಪ್ಯಾಂಟಿಗಿಂತ ಜಾಸ್ತಿ ದುಡ್ಡಿನದು ಅಂತ ಹೇಳಲು ಹೊರಟಿದ್ದ ಗೆಳೆಯನನ್ನು ನಾನೇ ತಡೆದೆ.

ಆನೆ ಮಾತ್ರ ತಮಾಷೆಯಲ್ಲ. ಅಲ್ಲಿ ಭತ್ತದ ಗದ್ದೆ, ತೋಟ ಯಾವುದನ್ನೂ ಅವು ಬಿಡುವುದಿಲ್ಲ, ಜನ ಸತ್ತಿದ್ದಾರೆ. ಆನೆ ಎಲ್ಲಿದೆ ಅಂತ ಊರಿನವರ ಮೊಬೈಲಿಗೆ ಮೆಸೇಜ್ ಬರುತ್ತದೆ. ನಮಗೆ ಮೆಸೇಜ್ ಸಿಕ್ಕಿದ್ದು ರಸ್ತೆ ಮೇಲೆ. ಮುರಿದ ಬೈನೆ ಮರ, ಪಕ್ಕದಲ್ಲಿ ಇನ್ನೂ ಹಬೆಯಾಡುತ್ತಿದ್ದ ಲದ್ದಿ. ಇಬ್ಬರೂ ಮಾತಿಲ್ಲದೆ ಸೈಕಲ್ ತಿರುಗಿಸಿದೆವು. ಆ ದಿನದ ಅತಿ ಹೆಚ್ಚು ವೇಗ ದಾಖಲಾಗಿದ್ದು ಅಲ್ಲೇ, ಅದೂ ಏರಿನಲ್ಲಿ.

ಆ ಗಡಿಬಿಡಿಯಲ್ಲಿ ಒಂದು ಒಣ ಕಡ್ಡಿ ಹಿಂದಿನ ಚಕ್ರಕ್ಕೆ ಸಿಕ್ಕಿ ಗೇರಿನ ಹ್ಯಾಂಗರ್ ಲಟಕ್ಕನೆ ಮುರಿಯಿತು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ, ಬೆರಳುದ್ದವೂ ಇಲ್ಲದ ಅಲ್ಯೂಮಿನಿಯಂ ತುಂಡು. ಫ್ರೇಮ್ ಉಳಿಯಲಿ ಅಂತ ಮುರಿಯುವುದಕ್ಕೇ ಮಾಡಿದ್ದು ಅದು. ಒಂದೊಂದು ಸೈಕಲ್ಲಿಗೆ ಒಂದೊಂದು ಥರದ್ದು, ಹಾಸನದಲ್ಲಿ ಹುಡುಕಿದರೂ ಸಿಗುವ ಭರವಸೆ ಇಲ್ಲ. ಶುಂಠಿ ಮೂಟೆ ಹೇರಿಕೊಂಡು ಬಂದ ಪಿಕಪ್ಪಿನವರೊಬ್ಬರು ಸೈಕಲ್ಲನ್ನೂ ನಮ್ಮನ್ನೂ ಮೂಟೆಗಳ ಮೇಲೆ ಹತ್ತಿಸಿಕೊಂಡರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಇಳಿಯುವಾಗ ನನ್ನ ಕಾಲಿನ ರಕ್ತ, ಮೈಮೇಲಿನ ಕೆಸರು ನೋಡಿ ಅವರಿಗೆ ಅಯ್ಯೋ ಅನ್ನಿಸಿರಬೇಕು.

"ಬೇಜಾರು ಮಾಡ್ಕೋಬೇಡಿ ಸಾರ್. ನಮ್ಮ ರೋಡಿಗೆ ದುಡ್ಡು ಸ್ಯಾಂಕ್ಷನ್ ಆಗಿದೆಯಂತೆ. ಮುಂದಿನ ವರ್ಷ ಬನ್ನಿ, ಅಷ್ಟೊತ್ತಿಗೆ ಟಾರ್ ಹಾಕಿರ್ತಾರೆ, ನಿಮಗೆ ಇಷ್ಟು ಕಷ್ಟ ಇರಲ್ಲ."