ಪಾರಿವಾಳಕ್ಕೆ ಮಾತ್ರ ಪರವಾನಗಿ

ಸ್ವಾತಂತ್ರ್ಯ ಬೇಕಾದರೆ ಏಪ್ರನ್ ತರಬೇಕಂತೆ. ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಕನ್ನಡದವರೇ ಸೇರಿ ನಡೆಸಿದ ಅಚ್ಚುಕಲೆ ಶಿಬಿರದ ಕರಪತ್ರದಲ್ಲಿ ಹಾಗೇ ಇತ್ತು. ‘ಸ್ವಾತಂತ್ರ್ಯ ಮತ್ತು ನಾಗರಿಕ ಆದರ್ಶಗಳನ್ನು ನಿಮ್ಮ ಕೈಯಾರೆ ಅಚ್ಚೊತ್ತಿ. ಪ್ರವೇಶ ಉಚಿತ. ಏಪ್ರನ್ ಕಡ್ಡಾಯ.’ ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಸರ್ಟಿಫಿಕೇಟು. 1857ರಿಂದ 1947ರವರೆಗೆ ತೊಂಬತ್ತು ವರ್ಷ ಸುಮ್ನೆ ಹಾಳಾಯಿತು ನೋಡಿ.

ಸಮಿತಿಯವರಿಗೆ ಮೊದಲು ಬಂದ ತಲೆನೋವು ಜನರ ಲೆಕ್ಕದ್ದು. ಸಂವಿಧಾನದ 19ನೇ ವಿಧಿಯ ಪ್ರಕಾರ ನಾವು ಆಯುಧವಿಲ್ಲದೆ, ಶಾಂತಿಯಿಂದ ಗುಂಪು ಸೇರಬಹುದು. ಆದರೆ ಮುಂಬಯಿ ಪೊಲೀಸರು ಪದೇ ಪದೇ ಒಂದು ಆದೇಶ ಹೊರಡಿಸುತ್ತಾರೆ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಬಾರದು, ಮೆರವಣಿಗೆ ಮಾಡಬಾರದು ಅಂತ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಈ ಆದೇಶಕ್ಕೆ ಸಾಮಾನ್ಯವಾಗಿ ಹದಿನೈದು ದಿನದ ಆಯುಸ್ಸು. ಸತ್ತ ಮರುದಿನವೇ ಮತ್ತೆ ಹುಟ್ಟಿ ಬರುತ್ತದೆ. ಮದುವೆಗೆ ವಿನಾಯಿತಿ ಉಂಟು, ಶವಸಂಸ್ಕಾರಕ್ಕೆ ಉಂಟು, ಸಿನಿಮಾ ಥಿಯೇಟರಿಗೂ ಉಂಟು. ಸ್ವಾತಂತ್ರ್ಯದ ಬಗ್ಗೆ ಯೋಚನೆ ಮಾಡುವವರಿಗೆ ಬೇರೆಯದೇ ಒಂದು ಸಾಲು ಯಾರೂ ಬರೆದಿಲ್ಲ.

‘ಮದುವೆ ಅಂತಲೇ ಹಾಕಿಬಿಡಿ ಮಾರಾಯ್ರೆ, ಊಟ ಹೇಗೂ ಉಂಟಲ್ಲ’ ಎಂದರು ಖಜಾಂಚಿಗಳು. ಗಂಡು ಯಾರು, ಹೆಣ್ಣು ಯಾರು ಅಂತ ಪೊಲೀಸರು ಕೇಳಿದರೆ? ಸಮಿತಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಇನ್ನೊಬ್ಬರಿಗೆ ‘ಆಯುಧವಿಲ್ಲದೆ’ ಎಂಬ ಮಾತಿನದೇ ಚಿಂತೆ. ಮೇಜಿನ ತುಂಬ ಲಿನೋ (ಅಚ್ಚಿಗಾಗಿ ಕೆತ್ತುವ ದಪ್ಪ ಹಾಳೆ) ಕೆತ್ತುವ ಉಳಿಗಳು, ಒಂದೊಂದೂ ಬೆರಳು ಸೀಳುವಷ್ಟು ಚೂಪು. ಕೊನೆಗೆ ‘ಸದಸ್ಯರ ಸ್ನೇಹಕೂಟ’ ಎಂದು ಬರೆದು ಅರ್ಜಿ ಕೊಟ್ಟರು.

ಒಳಗೆ ಹೋದರೆ ಇನ್ನೊಂದು ಫಾರ್ಮು. ಮಾತಿನ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಲು 19(2)ರಲ್ಲಿ ಎಂಟು ಕಾರಣ ಇವೆ. ದೇಶದ ಭದ್ರತೆ, ನ್ಯಾಯಾಂಗ ನಿಂದನೆ, ಮಾನಹಾನಿ ಇತ್ಯಾದಿ. ಅಷ್ಟು ದೊಡ್ಡ ದೇಶಕ್ಕೆ ಎಂಟು ಸಾಕಾಗಿತ್ತು. ನಮ್ಮ ಒಂದು ಸಭಾಂಗಣಕ್ಕೆ ಸಾಕಾಗಲಿಲ್ಲ. ರಾಜಕೀಯ ಬೇಡ, ಜಾತಿ ಬೇಡ, ಭಾಷೆ ಬೇಡ. ಪಾಲಿಕೆ, ನೀರು, ಪಾರ್ಕಿಂಗ್, ಹೌಸಿಂಗ್ ಸೊಸೈಟಿ, ಬೀದಿ ನಾಯಿ ಬೇಡವೇ ಬೇಡ. ಇಷ್ಟಕ್ಕೂ ಒಪ್ಪಿ ಸಹಿ ಹಾಕಿದ ಮೇಲೆ ಮುಕ್ತವಾಗಿ ಅಭಿವ್ಯಕ್ತಿಸಬಹುದು.

ಹೇಳಬೇಕು, ಕಲಿಸಲು ಬಂದ ಮೇಷ್ಟ್ರು ಕೆಲಸ ಬಲ್ಲವರು. ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಬಿಸಿ ಮಾಡಿ, ಉಳಿಯನ್ನು ಯಾವಾಗಲೂ ಮೈಯಿಂದ ಆಚೆಗೆ ತಳ್ಳಿ, ಲಿನೋ ಹಿಡಿದ ಕೈ ಉಳಿಯ ಹಿಂದೆ ಇರಲಿ ಎಂದು ತೋರಿಸಿಕೊಟ್ಟರು. ಗಾಜಿನ ಮೇಲೆ ಮಸಿ ಹರಡಿ ರೋಲರ್ ಓಡಿಸಿದರು. ಮಸಿ ಹದಕ್ಕೆ ಬಂದಾಗ ರೋಲರಿನ ಅಡಿಯಿಂದ ಚರಚರ ಸದ್ದು ಬರುತ್ತದೆ, ಕಿವಿಯಿಂದಲೇ ತಿಳಿಯಬೇಕು. ಪ್ರೆಸ್ ಇರಲಿಲ್ಲ. ಕಾಗದ ಹಾಸಿ ಅಡುಗೆಮನೆಯ ಚಮಚದ ಬೆನ್ನಿನಿಂದ ಉಜ್ಜಿದರು. ಅಕ್ಷರವನ್ನು ಉಲ್ಟಾ ಕೆತ್ತಬೇಕು ಅಂತ ಮೂರು ಸಲ ಹೇಳಿದರೂ ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರು ನೇರವಾಗಿ ಕೆತ್ತಿದರು. ಅವರ ಸ್ವಾತಂತ್ರ್ಯ ಕನ್ನಡಿಯಲ್ಲಿ ಮಾತ್ರ ಓದಲು ಬರುತ್ತಿತ್ತು. ಪಕ್ಕದವರದ್ದರಲ್ಲಿ ಕೊನೆಯ ಒತ್ತುಗಳೆರಡೂ ಪುಡಿಯಾಗಿ ‘ಸ್ವಾತಂತ’ ಅಷ್ಟೇ ಉಳಿಯಿತು. ಸಮಿತಿ ಅದನ್ನೇ ಮೆಚ್ಚಿಕೊಂಡಿತು, ವಿವಾದ ಇಲ್ಲ ಅಂತ.

ಗೋಡೆಯ ಮೇಲೆ ನಂದಲಾಲ್ ಬೋಸರು 1930ರಲ್ಲಿ ಮಾಡಿದ ಗಾಂಧಿಯ ಲಿನೋಕಟ್‌ನ ಪ್ರತಿ ಇತ್ತು. ಕಪ್ಪಿನ ಮೇಲೆ ನಾಲ್ಕಾರು ಬಿಳಿ ಗೆರೆ, ಕೋಲೂರಿ ದಂಡಿಗೆ ಹೊರಟ ಮುದುಕ. ಪರವಾನಗಿ ಕೇಳದೆ ಹೊರಟ ಮುದುಕ. ಅದರ ಪಕ್ಕದಲ್ಲೇ ಸಭಾಂಗಣದವರ ಬೋರ್ಡು: ‘ಇಲ್ಲಿ ಗುಂಪಾಗಿ ನಿಲ್ಲಬಾರದು’.

ಮೇಷ್ಟ್ರು ಚಿತ್ತಪ್ರೊಸಾದರ ಕತೆಯನ್ನೂ ಹೇಳಿದರು. 1943ರ ಬಂಗಾಳದ ಬರಗಾಲವನ್ನು ಊರೂರು ನಡೆದು ಕಂಡು ಚಿತ್ರ ಬರೆದವರು. ಆ ಚಿತ್ರಗಳ ಪುಸ್ತಿಕೆಯ 5000 ಪ್ರತಿಗಳನ್ನು ಬ್ರಿಟಿಷರು ವಶಪಡಿಸಿಕೊಂಡು ನಾಶಮಾಡಿದರು. ಆಮೇಲೆ ನಮ್ಮ ಅಂಧೇರಿಯಲ್ಲೇ ನೆಲೆಸಿ, ದುಡಿಯುವ ಮಕ್ಕಳನ್ನು ಲಿನೋದಲ್ಲಿ ಕೆತ್ತಿದರು. ಕೇಳಿ ಅಧ್ಯಕ್ಷರ ಕಣ್ಣು ತುಂಬಿ ಬಂತು. ‘ಎಂಥ ಕ್ರೂರಿಗಳು ಈ ಬ್ರಿಟಿಷರು! ಒಂದು ಚಿತ್ರಕ್ಕೆ ಹೆದರುವುದಾ?’

ಅದೇ ಹೊತ್ತಿಗೆ ಹಿಂದಿನ ಮೇಜಿನಲ್ಲಿ ಹೋಟೆಲಿನ ಹುಡುಗನೊಬ್ಬ ತನ್ನ ಅಚ್ಚನ್ನು ಎತ್ತಿ ಹಿಡಿದ. ಕುಂದಾಪುರದ ಕಡೆಯವನು, ಮಧ್ಯಾಹ್ನದ ಊಟ ಬಡಿಸಲು ಬಂದು ಖಾಲಿ ಕುರ್ಚಿ ಕಂಡು ಕೂತವನು. ಮೇಲೆ ಒಂದು ಟೀ ಲೋಟ, ಕೆಳಗೆ ದಪ್ಪ ಅಕ್ಷರ: ‘ವಾರಕ್ಕೊಂದು ರಜೆ’. ಇಡೀ ಸಭಾಂಗಣದಲ್ಲಿ ಅಷ್ಟು ಚೊಕ್ಕ ಅಚ್ಚು ಇನ್ನೊಂದಿರಲಿಲ್ಲ.

ಅಧ್ಯಕ್ಷರ ಕಣ್ಣು ತಕ್ಷಣ ಒಣಗಿತು. ‘ತಮ್ಮಾ, ವಿಷಯ ಸ್ವಾತಂತ್ರ್ಯ. ಇದು ರಜೆಯ ಅರ್ಜಿ.’

‘ಅಣ್ಣ, ರಜೆ ಇದ್ದರೆ ತಾನೇ ಸ್ವಾತಂತ್ರ್ಯ?’

ಪಾಪ, ಅವನು ಕ್ರಾಂತಿ ಕೇಳಿದ್ದೇನೂ ಅಲ್ಲ. ಅಂಗಡಿ-ಹೋಟೆಲುಗಳಿಗೆ ಮಹಾರಾಷ್ಟ್ರ ಸರಕಾರ 2017ರಲ್ಲಿ ತಂದ ಕಾಯ್ದೆಯಲ್ಲಿ, ವರ್ಷವಿಡೀ ತೆರೆದಿಡಿ, ಆದರೆ ಕೆಲಸದವರಿಗೆ ವಾರಕ್ಕೆ ಇಪ್ಪತ್ನಾಲ್ಕು ಗಂಟೆ ಸತತ ರಜೆ ಕೊಡಿ ಅಂತಲೇ ಇದೆ. ಕಾನೂನಿನಲ್ಲಿ ಅಚ್ಚಾದದ್ದನ್ನೇ ಅವನು ಲಿನೋದಲ್ಲಿ ಅಚ್ಚು ಹಾಕಿದ್ದ. ಆದರೆ ಮುಖ್ಯ ಅತಿಥಿಗಳು ನಾಲ್ಕು ಹೋಟೆಲಿನ ಮಾಲೀಕರು, ಅಚ್ಚಿನ ಕಾಗದವೂ ಅವರದ್ದೇ ಕೊಡುಗೆ. ಹಾಗಾಗಿ ಆ ಅಚ್ಚು ‘ಒಣಗಿಲ್ಲ’ ಎಂಬ ಕಾರಣಕ್ಕೆ ಪ್ರದರ್ಶನದಿಂದ ಹೊರಬಿತ್ತು. ಪಾರ್ಕಿನ ಬೀಗ ಬೆಳಿಗ್ಗೆ ಬೇಗ ತೆಗೆಯಿರಿ ಎಂದು ಕೆತ್ತಿದ್ದ ಅಮ್ಮನೊಬ್ಬರದ್ದೂ ಒಣಗಲಿಲ್ಲ. ಗೋಡೆ ತುಂಬ ಪಾರಿವಾಳ ಹಾರಿದವು. ಅವೆಲ್ಲ ಬೇಗ ಒಣಗುತ್ತವೆ.

ಮುಖ್ಯ ಅತಿಥಿಗಳು ಒಂದೊಂದು ಪಾರಿವಾಳದ ಎದುರೂ ನಿಂತು ಫೋಟೋ ತೆಗೆಸಿಕೊಂಡರು. ಹುಡುಗ ಆಗಲೇ ಸಂಜೆಯ ಪಾಳಿಗೆ ಓಡಿದ್ದ. ‘ನಮ್ಮ ಹೋಟೆಲಿನ ಮಕ್ಕಳೂ ಇಂಥದ್ದು ಕಲಿಯಬೇಕು’ ಎಂದರು ಮೈಕಿನಲ್ಲಿ. ‘ಆದರೆ ಭಾನುವಾರ ರಶ್ ಜಾಸ್ತಿ ಅಲ್ವಾ? ಮುಂದಿನ ಸಲ ರಾತ್ರಿ ಹನ್ನೆರಡರ ಮೇಲೆ ಇಟ್ಟುಕೊಳ್ಳಿ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದೂ ಆ ಹೊತ್ತಿಗೇ.’