ಜರಿಪೇಟದ ಟಾಮಿ

ಬೆಂಗಳೂರಿನ ನಾಯಿಗಳಿಗೆ ರಾಜಯೋಗ ಶುರುವಾಗಿದೆ. ಸರ್ಜಾಪುರ ರಸ್ತೆಯ ಹನ್ನೆರಡನೇ ಮಹಡಿಯಲ್ಲಿ ಪಗ್ ಒಂದು ಜರಿಪೇಟ ಸುತ್ತಿ, ಮುತ್ತಿನ ಸರ ಹಾಕಿ, ದಸರಾ ದರ್ಬಾರಿನ ಗತ್ತಿನಲ್ಲಿ ಕೂತಿದೆ. ಜಯನಗರದ ಬೆಕ್ಕು ವೀಣೆ ಹಿಡಿದಿದೆ. ಎಲ್ಲ ಎಐ ಮಾಡಿಕೊಟ್ಟ ಭಾವಚಿತ್ರಗಳು. ನಾಲ್ಕು ಫೋಟೊ ಕೊಟ್ಟರೆ ಸಾಕು, ಕಾಫಿ ಡಿಕಾಕ್ಷನ್ ಇಳಿಯುವುದರೊಳಗೆ ನಿಮ್ಮ ಟಾಮಿ ಜೀವ ತುಂಬಿಕೊಂಡು ತೆರೆಯ ಮೇಲೆ ನಿಂತಿರುತ್ತದೆ. ಅಸಲಿ ಟಾಮಿಗೂ ಜೀವವಿದೆ, ಸೋಫಾದ ಕೆಳಗಿದೆ. ಅದನ್ನು ವಾಕಿಂಗ್ ಕರೆದೊಯ್ಯಲು ಸಂಬಳದ ಹುಡುಗ ಸಂಜೆ ಆರಕ್ಕೆ ಬರುತ್ತಾನೆ.

ಫೋಟೊ ತೆಗೆಯುವುದಕ್ಕೂ ಮಡಿ ಮೈಲಿಗೆ ಇದೆ. ಫ್ಲ್ಯಾಶ್ ಕೂಡದು, ಕಿಟಕಿಯ ಬೆಳಕು ಬೇಕು, ಕರಿ ನಾಯಿಗಂತೂ ಇನ್ನೂ ಹೆಚ್ಚು. ಕಣ್ಣು ಸ್ಪಷ್ಟವಾಗಿರಬೇಕು, ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೇ ಇರಬೇಕು. ಸೊಂಟನೋವೆಂದು ದೇವಸ್ಥಾನದಲ್ಲಿ ನಿಂತೇ ಕೈಮುಗಿಯುವ ರಾಯರೊಬ್ಬರು ಇದಕ್ಕಾಗಿ ಮನೆಯ ಹಾಲ್‌ನ ನಡುವೆ ದೀರ್ಘದಂಡ ನಮಸ್ಕಾರ ಹಾಕಿದರು. ನಾಯಿ ಎದ್ದು ಹೋಯಿತು.

ಚಿತ್ರ ಬಂದಮೇಲೆ ಫ್ರೇಮು. ಚಿಕ್ಕಪೇಟೆಯ ಕಡೆ ಫ್ರೇಮು ಕಟ್ಟುವವರಿಗೆ ಗೊತ್ತಿರುವುದು ಎರಡೇ ಜಾತಿಯ ಗಿರಾಕಿಗಳು: ದೇವರನ್ನು ತರುವವರು, ದೇವರ ಪಾದ ಸೇರಿದವರನ್ನು ತರುವವರು. ಅಂಗಡಿಯ ಹುಡುಗ ಮೆತ್ತಗೆ ಕೇಳಿದ, ‘ಯಾವಾಗ ಹೋಗಿದ್ದು ಸಾರ್?’

‘ಹೋಗಿಲ್ಲಪ್ಪ, ಕಾರಲ್ಲಿ ಕೂತಿದೆ.’

ಹುಡುಗ ಗಂಧದ ಹಾರವನ್ನು ವಾಪಸ್ ಡಬ್ಬಿಗೆ ಹಾಕಿದ. ರಾಯರ ಗೋಡೆಯಲ್ಲೀಗ ತಾತ ಒಂದು ಮೊಳೆ ಆಚೆ ಸರಿದು ಜಾಗ ಬಿಟ್ಟಿದ್ದಾರೆ. ತಾತನದು ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಚಿತ್ರ, ಪಕ್ಕದವರ ಭುಜ ಇನ್ನೂ ಅಂಟಿಕೊಂಡಿದೆ. ಅದನ್ನು ಎಐಗೆ ಕೊಟ್ಟು ನೋಡೋಣವೆಂದು ಮನೆಯಲ್ಲಿ ಯಾರಿಗೂ ಹೊಳೆದಿಲ್ಲ.

ನಾಯಿಯ ಚಿತ್ರ ಮಾಡಿಸುವ ಚಟ ನಮಗೆ ಹಳೆಯದೇ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸೇರಿರುವ ಆತಕೂರಿನ ಕಲ್ಲು ಹತ್ತನೇ ಶತಮಾನದ್ದು. ಗಂಗರ ದೊರೆ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ ಬೇಡಿ ಪಡೆದ ನಾಯಿಯ ಹೆಸರು ಕಾಳಿ. ಹಂದಿಯ ಜೊತೆ ಕಾದಿತು, ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು. ಕಾಳಿಗೆ ಪೇಟ ಸುತ್ತಲಿಲ್ಲ, ಹಂದಿಯ ಮೇಲೆ ಬಿದ್ದ ನಾಯಿಯನ್ನು ಹಂದಿಯ ಮೇಲೆ ಬಿದ್ದ ಹಾಗೆಯೇ ಕೆತ್ತಿದರು. ನಮ್ಮ ಪಗ್‌ಗಾದರೋ ಕತ್ತಿ ಕೊಟ್ಟು ಕುದುರೆ ಹತ್ತಿಸಿದ್ದೇವೆ. ದೀಪಾವಳಿ ಬಂದರೆ ಸೇನಾಧಿಪತಿಗಳು ಮೂರು ದಿನ ಮಂಚದಡಿಯಿಂದ ಹೊರಬರುವುದಿಲ್ಲ.

ಯಂತ್ರವನ್ನು ಬೈಯುವಂತಿಲ್ಲ. ಅದು ಬರೀ ಚುಕ್ಕಿಗಳ ಗದ್ದಲದಿಂದ ಹೊರಟು, ಹಂತಹಂತವಾಗಿ ಗದ್ದಲ ತೆಗೆಯುತ್ತಾ ಚಿತ್ರಕ್ಕೆ ಬಂದು ನಿಲ್ಲುತ್ತದೆ. 2022ರಲ್ಲಿ ಗೂಗಲ್ ಸಂಶೋಧಕರು ಡ್ರೀಮ್‌ಬೂತ್ ಎಂಬ ವಿಧಾನ ತೋರಿಸಿದ ಮೇಲೆ, ಮೂರರಿಂದ ಐದು ಫೋಟೊ ಇದ್ದರೂ ಯಾವುದೋ ನಾಯಿಯ ಬದಲು ನಿಮ್ಮದೇ ನಾಯಿಯನ್ನು ಹಿಡಿಯಬಹುದಾಯಿತು. ಆದರೂ ಫೋಟೊದಲ್ಲಿ ಕಾಣದ್ದನ್ನು ಅದು ತಾನು ಹಿಂದೆ ನೋಡಿದ ನಾಯಿಗಳಿಂದಲೇ ತುಂಬಬೇಕು. ಕಂಪ್ಯೂಟರಿಗೆ ತಳಿ ಗುರುತಿಸುವ ಪಾಠಕ್ಕೆಂದು ಸ್ಟ್ಯಾನ್‌ಫರ್ಡ್‌ನವರು 2011ರಲ್ಲಿ ಒಟ್ಟುಮಾಡಿದ ಹೆಸರಾಂತ ಸಂಗ್ರಹವನ್ನೇ ನೋಡಿ: 120 ತಳಿ, 20,580 ಚಿತ್ರ. ಕಾಡಿನ ಸೀಳುನಾಯಿಗೂ ಅಲ್ಲಿ ಸೀಟು ಸಿಕ್ಕಿದೆ, ಮುಧೋಳಕ್ಕೆ ಸಿಕ್ಕಿಲ್ಲ. 2005ರಲ್ಲೇ ಅಂಚೆಚೀಟಿ ಏರಿದ ನಾಯಿಯ ಗತಿ ಇದಾದರೆ, ಪಾಲಿಕೆಯ 2023ರ ಗಣತಿಯಲ್ಲಿ ಸಿಕ್ಕ ಸುಮಾರು 2.79 ಲಕ್ಷ ಬೀದಿನಾಯಿಗಳು ಯಾವ ಲೆಕ್ಕ?

ಆ ಲೆಕ್ಕದಿಂದ ಒಂದನ್ನು ಕಳೆದು ಮನೆಗೆ ತಂದವರು ಬನಶಂಕರಿ ಕಡೆಯ ಒಂದು ಅಪಾರ್ಟ್‌ಮೆಂಟಿನ ಮೇಡಂ. ಹೆಸರು ರಾಜ. ಕಂದು ಬಣ್ಣ, ಬಡಕಲು ಮೈ. ಸಂತಾನಹರಣ ಚಿಕಿತ್ಸೆ ಆಗಿದೆಯೆಂಬ ಗುರುತಿಗೆ ಕಿವಿಯ ತುದಿ ಕತ್ತರಿಸಲಾಗಿತ್ತು. ಎಐ ಅದಕ್ಕೆ ಜರ್ಮನ್ ಶೆಫರ್ಡ್‌ನ ಎದೆ, ಗೋಲ್ಡನ್ ರಿಟ್ರೀವರ್‌ನ ಹೊಳಪು ದಯಪಾಲಿಸಿ, ಕಿವಿಯನ್ನೂ ಪೂರ್ತಿ ಮಾಡಿಕೊಟ್ಟಿತು. ಪೇಟ ಹೇಗೂ ಇದ್ದೇ ಇತ್ತು. ‘ನಮ್ಮ ರಾಜನೇ ರೀ, ಕಣ್ಣು ನೋಡಿ!’ ಎಂದು ಮೇಡಂ ಕಣ್ಣೊರೆಸಿಕೊಂಡರು.

ಅದೇ ವಾರ ಅಸೋಸಿಯೇಷನ್‌ನವರು ಸಾಕುಪ್ರಾಣಿಗಳೆಲ್ಲದರ ಫೋಟೊ ಗೇಟಿನ ಆಪ್‌ಗೆ ಹಾಕಲು ಹೇಳಿದ್ದರು. ಮೇಡಂ ಇದ್ದುದರಲ್ಲಿ ಚೆನ್ನಾಗಿರುವುದನ್ನೇ ಹಾಕಿದರು. ಮರುದಿನ ವಾಕಿಂಗ್ ಮುಗಿಸಿ ಬಂದ ರಾಜನನ್ನು ಸೆಕ್ಯುರಿಟಿಯವನು ಗೇಟಿನಲ್ಲೇ ತಡೆದ.

‘ಇದು ಬೇರೆ ನಾಯಿ ಮೇಡಂ. ಆಪಲ್ಲಿರೋದಕ್ಕೆ ಕಿವಿ ಪೂರ್ತಿ ಇದೆ.’

‘ಇದೇ ಕಣಪ್ಪ ನಮ್ಮ ರಾಜ!’

‘ಇರಬೋದು ಮೇಡಂ. ಆದ್ರೆ ಬೀದಿನಾಯಿ ಒಳಗೆ ಬಿಟ್ರೆ ನನ್ ಕೆಲಸ ಹೋಗುತ್ತೆ.’

ರಾಜ ಬಾಲ ಅಲ್ಲಾಡಿಸಿತು. ದಾಖಲೆಯಲ್ಲಿ ಬಾಲವೇ ಇರಲಿಲ್ಲ, ಸಿಂಹಾಸನ ಅಡ್ಡ ಬಂದಿತ್ತು.

ವಿಷಯ ಕಮಿಟಿಗೆ ಹೋಯಿತು. ಚಿತ್ರವನ್ನು ದೊಡ್ಡ ಟೀವಿಯಲ್ಲಿ ಹಾಕಿ ನೋಡಿ, ಸ್ಪಷ್ಟತೆಯಲ್ಲಾಗಲಿ ಬೆಳಕಿನಲ್ಲಾಗಲಿ ದೋಷವಿಲ್ಲವೆಂದು ಸದಸ್ಯರು ಒಮ್ಮತದಿಂದ ತೀರ್ಮಾನಿಸಿದರು. ಆದ್ದರಿಂದ ಹದಿನೈದು ದಿನದೊಳಗೆ ನಾಯಿಯನ್ನು ದಾಖಲೆಗೆ ತಕ್ಕಂತೆ ಸರಿಪಡಿಸಿಕೊಂಡು ಬರಬೇಕೆಂದು ಮೇಡಂಗೆ ಪತ್ರ ಬಂದಿದೆ. ಅಲ್ಲಿಯವರೆಗೆ ಸರ್ವಿಸ್ ಲಿಫ್ಟ್ ಬಳಸಬಹುದು. ಪೇಟ ಕಡ್ಡಾಯ.