340 ಗ್ರಾಂ ಉಪ್ಪಿನಕಾಯಿ

ಇವತ್ತು ಬೆಳಿಗ್ಗೆ ನಮ್ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ತರಕಾರಿ ಚೀಲಕ್ಕೆ ಹಾಕಿ ತಕ್ಕಡಿಗೆ ನೇತುಹಾಕಿದರು. 340 ಗ್ರಾಂ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಮಿಡಿಯ ತೊಟ್ಟು ಕಿತ್ತುಬಿಟ್ಟರೆ ಎಷ್ಟು ಕಮ್ಮಿ ಆಗಬಹುದು?" ಎಂದು ಕೇಳಿದರು.

ನಾನು ಸಾಗರದವಳು. ತೊಟ್ಟಿಲ್ಲದ ಅಪ್ಪೆಮಿಡಿಗೆ ನಮ್ಮ ಕಡೆ ಏನು ಮರ್ಯಾದೆ ಎಂದು ಗೊತ್ತಿರುವವರಿಗೆ ನನ್ನ ಸಿಟ್ಟು ಅರ್ಥವಾದೀತು. ಮಿಡಿ ಕೊಯ್ಯುವಾಗಲೇ ತೊಟ್ಟು ಮುರಿಯಬಾರದು ಎಂದು ಮರ ಹತ್ತಿದವನಿಗೆ ಕೆಳಗಿನಿಂದ ನಾಲ್ಕು ಜನ ಕೂಗಿ ಹೇಳುತ್ತಿರುತ್ತಾರೆ. ಹಾಗೆ ಕಾಪಾಡಿಕೊಂಡು ಬಂದ ತೊಟ್ಟನ್ನು ಅರಿಜೋನಾದ ಅಡುಗೆಮನೆಯಲ್ಲಿ ತೂಕ ಇಳಿಸಲು ಕೀಳಬೇಕಂತೆ.

ಇನ್ನು ಮೂರು ದಿನಕ್ಕೆ ನಾವು ಹವಾಸುಪೈಗೆ ಹೊರಡುತ್ತೇವೆ. ಗ್ರ್ಯಾಂಡ್ ಕ್ಯಾನ್ಯನ್ ಸೀಮೆಯ ಒಂದು ಕವಲು ಕಣಿವೆ. ಮೇಲೆ ನೋಡಿದರೆ ಕೆಂಪು ಬಂಡೆ, ಮುಳ್ಳುಗಿಡ, ಬಿಸಿಲು. ಒಳಗೆ ಇಳಿದರೆ ನೀಲಿ ನೀರಿನ ಜಲಪಾತಗಳು. ನೀರಿನಲ್ಲಿ ಸುಣ್ಣದ ಅಂಶ ಕರಗಿರುವುದರಿಂದ ಆ ಬಣ್ಣವಂತೆ. ಹವಾಸುಪೈ ಎಂದರೆ ನೀಲಿ-ಹಸಿರು ನೀರಿನ ಜನ ಎಂದೇ ಅರ್ಥ, ಆ ಮೂಲನಿವಾಸಿಗಳದ್ದೇ ಊರು. ಫೀನಿಕ್ಸ್‌ನಿಂದ ನಾಲ್ಕೈದು ಗಂಟೆ ಕಾರು. ಆಮೇಲೆ ರಸ್ತೆ ಮುಗಿಯುತ್ತದೆ. ಅಲ್ಲಿಂದ ಸಾಮಾನೆಲ್ಲ ಬೆನ್ನ ಮೇಲೆ ಹೊತ್ತು ಸುಪೈ ಎಂಬ ಊರಿಗೆ 8 ಮೈಲಿ ನಡಿಗೆ, ಟೆಂಟ್ ಹಾಕುವ ಜಾಗಕ್ಕೆ ಇನ್ನೂ 2. ಒಂದೇ ದಿನದಲ್ಲಿ ನೋಡಿಕೊಂಡು ಬರ್ತೀನಿ ಅಂದರೆ ಬಿಡುವುದಿಲ್ಲ. ಪರ್ಮಿಟ್ ಕೊಡುವುದೇ ಮೂರು ರಾತ್ರಿಗೆ. ಬೇಡ ಎನ್ನುವ ಆಯ್ಕೆ ನನಗೆ ಇತ್ತು, ಆದರೆ ಪರ್ಮಿಟ್ ಸಿಕ್ಕ ಖುಷಿಯಲ್ಲಿ ಇವರು ಕುಣಿಯುತ್ತಿದ್ದಾಗ ಬಾಯಿ ತಪ್ಪಿ "ಆಯ್ತು" ಅಂದುಬಿಟ್ಟೆ.

ಭಯ ಇರುವುದು ಆ ನಡಿಗೆಗಲ್ಲ. ಟೆಂಟಿನ ಜಾಗದಾಚೆ ಮೂನಿ ಎಂಬ ಜಲಪಾತವಿದೆ. ಸುಮಾರು 190 ಅಡಿ. ಅದರ ಬುಡಕ್ಕೆ ಇಳಿಯಬೇಕಾದರೆ ಮೊದಲು ಬಂಡೆಯಲ್ಲಿ ಕೊರೆದ ಎರಡು ಸುರಂಗಗಳಲ್ಲಿ ನುಸುಳಬೇಕು, ಆಮೇಲೆ ಕಬ್ಬಿಣದ ಸರಪಳಿ ಹಿಡಿದು ಹಿಮ್ಮುಖವಾಗಿ ಇಳಿಯಬೇಕು, ಕೊನೆಗೆ ಮರದ ಏಣಿಗಳು. ನೀರಿನ ಸಿಂಚನಕ್ಕೆ ಎಲ್ಲವೂ ಸದಾ ಒದ್ದೆ. ನಿಮ್ಮ ಜವಾಬ್ದಾರಿಯ ಮೇಲೆ ಇಳಿಯಿರಿ ಎಂದು ಮೇಲೆಯೇ ಬೋರ್ಡು ಹಾಕಿ ಕೈ ತೊಳೆದುಕೊಂಡಿದ್ದಾರೆ. ಈ ಮೂನಿ ಯಾರು ಎಂದು ಕೇಳಿದೆ. ಹಿಂದೆ ಅಲ್ಲಿ ಹಗ್ಗ ಕಟ್ಟಿಕೊಂಡು ಇಳಿಯಲು ಹೋಗಿ ಬಿದ್ದು ಸತ್ತ ಒಬ್ಬ ಗಣಿಗಾರನಂತೆ. ಬಿದ್ದವನ ಹೆಸರನ್ನೇ ಇಟ್ಟ ಜಾಗಕ್ಕೆ ಹೆಂಡತಿಯನ್ನು ಹದಿನೆಂಟನೇ ಮದುವೆ ವಾರ್ಷಿಕೋತ್ಸವಕ್ಕೆ ಕರೆದುಕೊಂಡು ಹೋಗುವವರನ್ನು ಏನೆನ್ನೋಣ?

ಹೋದ ಭಾನುವಾರ ಇದಕ್ಕೆ ತಾಲೀಮು ನಡೆಯಿತು. ಗ್ಯಾರೇಜಿನ ಅಲ್ಯುಮಿನಿಯಂ ಏಣಿಯನ್ನು ಗೋಡೆಗೆ ಒರಗಿಸಿ, ಗಿಡಕ್ಕೆ ನೀರು ಬಿಡುವ ಪೈಪಿನಿಂದ ಅದಕ್ಕೆ ನೀರು ಚಿಮುಕಿಸುತ್ತಾ, "ಈಗ ಹಿಂದಕ್ಕೆ ತಿರುಗಿ ಇಳಿ, ಕೆಳಗೆ ನೋಡಬೇಡ" ಎಂದರು. ನಾನು ಗಾರ್ಡನ್ ಗ್ಲೌಸ್ ಹಾಕಿಕೊಂಡು, ತಲೆಗೆ ಶವರ್ ಕ್ಯಾಪ್ ಹಾಕಿಕೊಂಡು (ಅವತ್ತು ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿದ್ದೆ), ಒಂದೊಂದೇ ಮೆಟ್ಟಿಲು ಇಳಿದೆ. ಪಕ್ಕದ ಮನೆಯ ಅಜ್ಜ ನಾಯಿ ಹಿಡಿದುಕೊಂಡು ಬಂದು ನಿಂತರು. ಮನೆಗೆ ಬೆಂಕಿ ಏನಾದರೂ ಬಿದ್ದಿದೆಯಾ, ಫೋನ್ ಮಾಡಲಾ ಎಂದು ಕೇಳಿದರು. ಇಲ್ಲ, ಇದು ಜಲಪಾತ ಎಂದೆ. ಅವರು ನಾಯಿಯನ್ನು ಎಳೆದುಕೊಂಡು ಬೇಗ ಬೇಗ ಹೋದರು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಆ ತಕ್ಕಡಿ.

ಇಂಡಿಯಾಕ್ಕೆ ಹೋಗಿ ಬರುವ ಎಲ್ಲರ ಮನೆಯಲ್ಲೂ ಅದೊಂದು ಇರುತ್ತದೆ, ಕೊಕ್ಕೆ ಇರುವ ಲಗೇಜ್ ತಕ್ಕಡಿ. ವಿಮಾನದವರು ಒಂದು ಪೆಟ್ಟಿಗೆಗೆ ಬಿಡುವ 23 ಕಿಲೋ ಮುಟ್ಟಿಸಲೆಂದೇ ಇರುವ ಸಾಮಾನು. ಇಷ್ಟು ವರ್ಷ ಅದು ನಮ್ಮನೆಯಲ್ಲಿ ಒಳ್ಳೆಯ ಕೆಲಸವನ್ನೇ ಮಾಡಿತ್ತು. 22.4 ತೋರಿಸಿದರೆ, "ಇನ್ನೊಂದು ಪ್ಯಾಕೆಟ್ ಹಪ್ಪಳ ಹಿಡಿಯುತ್ತೆ ನೋಡೇ" ಎಂದು ಇದೇ ಮನುಷ್ಯ ತುರುಕುತ್ತಿದ್ದರು. ಈಗ ಅದೇ ತಕ್ಕಡಿ ತಿರುಗಿಬಿದ್ದಿದೆ. ಕಾಲುಚೀಲ ತೂಗುತ್ತಾರೆ. ಬಾಚಣಿಗೆ ತೂಗುತ್ತಾರೆ. ಟೂತ್‌ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದಾರೆ, ಈಗ ಹಲ್ಲುಜ್ಜಬೇಕಾದರೆ ಬೆರಳು ಪೂರ್ತಿ ಬಾಯೊಳಗೆ ಹೋಗುತ್ತದೆ. ಹಾಗಾದರೆ ಬೆರಳಲ್ಲೇ ಉಜ್ಜಬಹುದಲ್ವಾ? ಹೇಳಿದರೆ, "ಒಳ್ಳೇ ಐಡಿಯಾ" ಎಂದು ಬರೆದುಕೊಂಡರು. ಎಲ್ಲವೂ ಒಂದು ಎಕ್ಸೆಲ್‌ನಲ್ಲಿದೆ. ಅವರಿಗೊಂದು ಹಾಳೆ, ನನಗೊಂದು ಹಾಳೆ. ಅವರ ಹಾಳೆಯಲ್ಲಿ ಕ್ಯಾಮೆರಾ ಟ್ರೈಪಾಡ್ "ಅಗತ್ಯ" ಎಂಬ ಕಾಲಮ್ಮಿನಲ್ಲಿದೆ. ನನ್ನ ಹಾಳೆಯಲ್ಲಿ ಚಟ್ನಿಪುಡಿ "ಐಷಾರಾಮಿ".

ಬ್ಯಾಗು ಹೊರಲು ಅಲ್ಲಿ ಹೇಸರಗತ್ತೆ ಸಿಗುತ್ತದೆ, ದುಡ್ಡು ಕೊಟ್ಟರೆ ಒಂದು ಬ್ಯಾಗಿಗೆ 32 ಪೌಂಡಿನ ತನಕ ಹೊತ್ತುಕೊಂಡು ಹೋಗುತ್ತದೆ. ಆ ಊರಿಗೆ ಅಂಚೆ ಹೋಗುವುದೂ ಇವತ್ತಿಗೂ ಹೇಸರಗತ್ತೆಯ ಮೇಲೆಯೇ. ನಾವೂ ಮಾಡೋಣ್ವೇನ್ರೀ ಎಂದೆ. "ಪಾಪ, ಮೂಕ ಪ್ರಾಣಿ" ಎಂದರು. ಮೂಕ ಅಲ್ಲದಿದ್ದರೆ ಹೊರಬೇಕು ಎಂದಾಯಿತು.

ನಾನು ಸಿಕ್ಕಿಹಾಕಿಕೊಂಡಿದ್ದು ಈ ತಕ್ಕಡಿಗೂ ಅಲ್ಲ, ನನ್ನದೇ ಬಾಯಿಗೆ. ಬ್ಯಾಗಿನ ಭಾರ ನಮ್ಮ ಮೈತೂಕದ ಐದರಲ್ಲೊಂದು ಪಾಲು ಮೀರಬಾರದು ಎಂದು ಬೆಟ್ಟ ಹತ್ತುವವರ ಲೆಕ್ಕ. ತಿಂಗಳ ಹಿಂದೆ ಸ್ನೇಹಿತರ ಮನೆ ಊಟದಲ್ಲಿ, ಎಂಟು ಜನರ ನಡುವೆ, ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಇವರು, "ನಿನ್ನ ತೂಕ ಎಷ್ಟೇ?" ಎಂದು ಜೋರಾಗಿ ಕೇಳಿದರು. ಎಂಟೂ ಜನ ತಿರುಗಿದರು. "58" ಎಂದೆ. ಒಬ್ಬಳ ಹುಬ್ಬು ಸ್ವಲ್ಪ ಮೇಲೆ ಹೋಗಿ ಕೆಳಗೆ ಬಂತು, ಅದನ್ನು ನಾನು ಮರೆತಿಲ್ಲ. ನಿಜ ಎಷ್ಟು ಎಂದು ಇಲ್ಲಿಯೂ ಬರೆಯುವುದಿಲ್ಲ.

ಮನೆಗೆ ಬಂದವರೇ ಎಕ್ಸೆಲ್‌ನಲ್ಲಿ 58 ಹಾಕಿದರು. ನನ್ನ ಬ್ಯಾಗಿನ ಮಿತಿ 11.6 ಕಿಲೋ ಎಂದು ಬಂತು. ಮೊದಲು ಖುಷಿಯೇ ಆಯಿತು, ಸದ್ಯ, ಕಡಿಮೆ ಹೊತ್ತರೆ ಸಾಕು ಎಂದು. ಆದರೆ ಮಲಗುವ ಚೀಲ, ನೀರು, ಬಟ್ಟೆ, ನನ್ನ ಪಾಲಿನ ಟೆಂಟಿನ ತುಂಡು ಸೇರಿಸುವಷ್ಟರಲ್ಲಿ 11.6 ತುಂಬಿಹೋಯಿತು. ಆಮೇಲೆ ಏನು ಇಟ್ಟರೂ ಆ ಚೌಕ ಕೆಂಪಾಗುತ್ತದೆ. ಗೊಜ್ಜವಲಕ್ಕಿ ಪುಡಿ ಇಟ್ಟರೆ ಕೆಂಪು. ಚಟ್ನಿಪುಡಿ 250 ಗ್ರಾಂ, ಕೆಂಪು. ಉಪ್ಪಿನಕಾಯಿ, ಕಡುಗೆಂಪು. ಅವರು ತಂದಿರುವ ಊಟವೋ, ಪೊಟ್ಟಣಕ್ಕೆ ಬಿಸಿನೀರು ಸುರಿದು ಕಲಸುವ ಒಣಗಿಸಿದ ಪಾಸ್ತಾ. ಒಂದು ಪೊಟ್ಟಣದ ದುಡ್ಡಿಗೆ ಹತ್ತು ಸೇರು ಪೇಪರ್ ಅವಲಕ್ಕಿ ಬರುತ್ತಿತ್ತು. ನೆನೆಸಿದರೆ ತಿನ್ನಬಹುದಾದ ಹಗುರ ಊಟ ಬೇಕು ಅಂದರೆ ನಮ್ಮ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ದೂರು ಹೇಳಿದೆ. ಅವಳಿಗೆ ತೂಕದ ವಿಷಯ ತಲೆಗೇ ಹೋಗಲಿಲ್ಲ. "ಅಲ್ವೇ, 30 ಕಿಲೋಮೀಟರಲ್ಲಿ ಜೋಗ ಇಟ್ಕೊಂಡು ಹುಟ್ಟಿದವಳು ನೀನು. ನೀರು ಬೀಳೋದು ನೋಡೋಕೆ ಮರುಭೂಮಿಗೆ ಹೋಗ್ತೀಯಾ? ಅದೂ ದುಡ್ಡು ಕೊಟ್ಟು?" ಎಂದಳು. 190 ಅಡಿ ಎಂದು ಕೇಳಿ ನಕ್ಕಳು. ಜೋಗದ 830 ಅಡಿ ನೋಡಿದವಳ ನಗು ಅದು. 2008ರಲ್ಲಿ ಪ್ರವಾಹ ಬಂದು ಅಲ್ಲಿನ ಒಂದು ಜಲಪಾತದ ನೀರೇ ದಾರಿ ಬದಲಿಸಿತು, ಅದು ಒಣಗಿ ಪಕ್ಕದಲ್ಲಿ ಹೊಸವು ಹುಟ್ಟಿದವು ಎಂದೆ. "ಹಂಗಾರೆ ನೀವು ಹೋಗೋ ತನಕ ಇದ್ಯೋ ಇಲ್ವೋ, ಮೊದ್ಲು ಕೇಳ್ಕೊಳ್ಳಿ" ಎಂದಳು.

ಜೋಗಕ್ಕೆ ನಾವು ಮಳೆಗಾಲದಲ್ಲೇ ಹೋಗುತ್ತಿದ್ದದ್ದು, ಬಸ್ಸಿನಲ್ಲಿ. ಹೋದರೆ ಬರೀ ಬಿಳಿ ಮಂಜು. ರಾಜನೂ ಇಲ್ಲ, ರಾಣಿಯೂ ಇಲ್ಲ, ಸದ್ದು ಮಾತ್ರ. ಅಪ್ಪ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, "ತಡಿ, ಈಗ ಸರಿಯುತ್ತೆ" ಎನ್ನುತ್ತಿದ್ದರು. ಅರ್ಧ ಗಂಟೆ ಕಾದ ಮೇಲೆ ಒಂದು ನಿಮಿಷ ಸರಿಯುತ್ತಿತ್ತು. ಬುಡಕ್ಕೆ ಇಳಿಯುವ ಮೆಟ್ಟಿಲು ತೋರಿಸಿ ಹೋಗೋಣ ಅಂದರೆ, "ಈ ಮಳೇಲಿ ಜಾರುತ್ತೆ ಮಗಾ, ಬೇಸಿಗೇಲಿ ಬರೋಣ" ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹೋದರೆ ನೀರಿರುವುದಿಲ್ಲವಲ್ಲ, ಹಾಗಾಗಿ ಹೋಗಲೇ ಇಲ್ಲ. ಈಗ ಅಪ್ಪನೂ ಇಲ್ಲ. ಯಾವ ಜಲಪಾತದ ಬುಡವನ್ನೂ ನಾನು ಇವತ್ತಿನ ತನಕ ನೋಡಿಲ್ಲ. ಒದ್ದೆ ಏಣಿಯ ಮೇಲೆ ಶವರ್ ಕ್ಯಾಪ್ ಹಾಕಿ ಇಳಿದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಇವರಿಗೆ ಹೇಳಿಲ್ಲ, ಹೇಳಿದರೆ ಇನ್ನೆರಡು ಏಣಿ ತರುತ್ತಾರೆ.

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಇವರು ಗೊರಕೆ ಹೊಡೆಯುತ್ತಿದ್ದರು. ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದೆ. ನನ್ನ ಹಾಳೆ, ಮೇಲಿನ ಮೊದಲ ಚೌಕ. 58 ಅಳಿಸಿ 62 ಎಂದು ಹೊಡೆದೆ. ಮಿತಿ 12.4 ಆಯಿತು. 800 ಗ್ರಾಂ ಸಂಪಾದನೆ! ಉಪ್ಪಿನಕಾಯಿ, ಚಟ್ನಿಪುಡಿ ಸೇರಿ 590. ಎಲ್ಲ ಚೌಕಗಳೂ ಹಸಿರಾದವು. ಹೆಮ್ಮೆಯಿಂದ ಮಲಗಿದೆ.

ಇವತ್ತು ಬೆಳಿಗ್ಗೆ ತೊಟ್ಟಿನ ವಿಷಯಕ್ಕೆ ಜಗಳವಾದ ಮೇಲೆ, "ಎಕ್ಸೆಲ್ ನೋಡ್ರೀ, ಜಾಗ ಇದೆ" ಎಂದೆ. ನೋಡಿದರು. ನನ್ನನ್ನೂ ಒಮ್ಮೆ ತಲೆಯಿಂದ ಕಾಲಿನ ತನಕ ನೋಡಿದರು. ಒಂದು ಮಾತೂ ಆಡಲಿಲ್ಲ, ಅದು ಅವರ ಪುಣ್ಯ. ಕೀಬೋರ್ಡ್ ಟಕಟಕ ಅಂದಿತು.

"ಒಳ್ಳೇದಾಯ್ತು. ಸ್ಟವ್, ಗ್ಯಾಸ್ ಡಬ್ಬಿ, ಪಾತ್ರೆ ನಿನ್ನ ಬ್ಯಾಗಿಗೆ ಹಾಕಿದೀನಿ. 780 ಗ್ರಾಂ. ನಂಗೆ ಟ್ರೈಪಾಡ್‌ಗೆ ಜಾಗ ಸಾಲ್ತಿರಲಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದರು, "ಇನ್ನೂ 20 ಗ್ರಾಂ ಉಳಿಯುತ್ತೆ. ಬೇಕಿದ್ರೆ ಎರಡು ಮಿಡಿ ತಗೋ."

ಡಬ್ಬಿ ಅಡುಗೆಮನೆ ಕಟ್ಟೆಯ ಮೇಲೆಯೇ ಕೂತಿದೆ. ಹೊರಡಲು ಇನ್ನೂ ಮೂರು ದಿನ ಇದೆ. ನಿಜದಲ್ಲಿ ಇನ್ನೊಂದು ನಾಲ್ಕು ಕಿಲೋ ನನ್ನ ಹತ್ತಿರ ಬಾಕಿ ಇದೆ.